ಕಿಸೆ

ಕೌಲ್ ಬಜಾರಿನ ಹಿಂದಿನ ಸಂದಿಯಲ್ಲಿ
ಹದಿನೆಂಟು ವರ್ಷದಿಂದ ನಾನು ಕಿಸೆ ಹೊಲಿಯುವವಳು.
ಕಾಲು ಬೇರೆಯವರದು, ಸೊಂಟ ಬೇರೆಯವರದು,
ಜಿಪ್ಪಿಗೆ ಒಬ್ಬ ಹುಡುಗನೇ ಇದ್ದಾನೆ.
ನನಗೆ ಕಿಸೆ. ಬರೀ ಕಿಸೆ.
ಒಂದು ಪ್ಯಾಂಟಿಗೆ ಐದು.
ಐದನೆಯದು ಬಲಗಡೆ, ಕಿಸೆಯೊಳಗೊಂದು ಕಿಸೆ,
ಎರಡು ಬೆರಳು ಹಿಡಿಸದಷ್ಟು.
ಯಾಕೆ ಅಂತ ಕಟಿಂಗ್ ಮಾಸ್ತರ್ ಜಿಲಾನಿಗೂ ಗೊತ್ತಿಲ್ಲ.
ಪ್ಯಾಟರ್ನಿನಲ್ಲಿದೆ, ಹೊಲಿ, ಅಂದಿದ್ದ.

ಆ ವರ್ಷ ಜ್ವರ ಹೋಯಿತು, ಬೂಷ್ಟು ಬಂತು.
ಹಳೇ ಉಪ್ಪಿನಕಾಯಿ ಮೇಲೆ ಕೂರುವಂಥದ್ದು
ಮೂಗಿನೊಳಗಿಂದ ಎಡಗಣ್ಣಿಗೆ ಹತ್ತಿತು.
ದೊಡ್ಡಾಸ್ಪತ್ರೆಯಲ್ಲಿ ಕಣ್ಣು ತೆಗೆದರು.
ಉಳಿದದ್ದನ್ನು ಉಳಿಸಲಿಕ್ಕೆ ಒಂದು ಔಷಧಿ,
ಅರಿಷಿಣ ಕದಡಿದ ಬಣ್ಣ.
ತೋಳಿಗೆ ಅದು ಹಳದಿಯಾಗಿ ಇಳಿಯುವಾಗ
ನನ್ನ ಉಗುರಿನ ನೀಲಿ ಇನ್ನೂ ಹೋಗಿರಲಿಲ್ಲ.

ರಾತ್ರಿ ಪಾಳಿಯ ಷೇಕ್ಷಾವಲಿ
ಸೀಸೆಯನ್ನು ಕಿವಿ ಹತ್ತಿರ ಹಿಡಿದು ಕುಲುಕುತ್ತಿದ್ದ,
ಒಳಗೆ ಯಾರೋ ಮಾತಾಡುತ್ತಾರೆ ಅನ್ನುವ ಹಾಗೆ.
ನಿದ್ದೆ ಬರದೆ ಕೇಳಿದೆ.
ಅಕ್ಕಾ, ಇದೆಲ್ಲಾ ನಿಮ್ಮ ಮಾಲೇ, ಅಂದ. ಕಿಸೆ.
ಕಣ್ಣಿಗೆ ಕಾಣದಷ್ಟು ಸಣ್ಣವು, ದುಂಡಗಿನವು,
ಬಾಯಿ ಹೊಲಿದವು.
ಬಟ್ಟೆ ಯಾವುದು?
ಕೊಬ್ಬು.

ನಗು ಬಂತು, ಹೊಲಿಗೆ ಎಳೆಯಿತು.
ನಮ್ಮ ಓಣಿಯಲ್ಲಿ ಕೊಬ್ಬು ಅಂದರೆ ಸೊಕ್ಕು.
ಇದಕ್ಕೂ ಸೊಕ್ಕಿದೆ ಅಕ್ಕಾ:
ತಲೆಗೆ ನೀರು ಅಂದರೆ ಪ್ರಾಣ,
ಬಾಲಕ್ಕೆ ನೀರು ಅಂದರೆ ಆಗದು.
ನೀರಿಗೆ ಬಿಟ್ಟರೆ ಬಾಲಕ್ಕೆ ಬಾಲ ಕೊಟ್ಟು
ಎರಡು ಪದರವಾಗಿ ನಿಲ್ಲುತ್ತವೆ.
ಅಂಚು ಬಿಚ್ಚಿದ್ದರೆ ತಡೆಯಲಾರವು,
ಬಾಗಿ ಬಾಗಿ ತಾವೇ ದುಂಡಗೆ ಮುಚ್ಚಿಕೊಳ್ಳುತ್ತವೆ.
ಸೂಜಿ ಇಲ್ಲ. ದಾರ ಇಲ್ಲ.
ಹದಿನೆಂಟು ವರ್ಷದ ನನ್ನ ಕೈ
ಚಾದರದೊಳಗೆ ಸುಮ್ಮನೆ ಮಡಿಚಿಕೊಂಡಿತು.

ಔಷಧಿ ಕೂತಿರುವುದು ಆ ಎರಡು ಪದರದ ನಡುವೆ,
ಅಜ್ಜಿ ಕುಪ್ಪಸದ ಅಸ್ತರಿನಲ್ಲಿ ನೋಟು ಹೊಲಿದುಕೊಂಡಂತೆ.
ಸಕ್ಕರೆ ನೀರಿನಲ್ಲೇ ಹೋಗಬೇಕು.
ಉಪ್ಪು ನೀರು ತಾಗಿತೋ, ಹಾಲಿನ ಹಾಗೆ ಒಡೆಯುತ್ತದೆ.
ಉಪ್ಪಿನ ಋಣ ಅರಿಯದ್ದು, ಅಂದೆ.
ಅವನು ನಗಲಿಲ್ಲ. ಆರನೇ ಮಂಚದ ಕಡೆ ನೋಡಿದ.

ಅಲ್ಲಿ ಸಿರುಗುಪ್ಪದ ಗಾದಿಲಿಂಗಪ್ಪ, ಅಕ್ಕಿ ಮಿಲ್ಲಿನ ಹಮಾಲಿ.
ಅವನಿಗೂ ಅದೇ ಔಷಧಿ. ಕಿಸೆ ಇಲ್ಲದ್ದು.
ಬರಿಮೈಯಲ್ಲಿ ರಕ್ತಕ್ಕೆ ಇಳಿದದ್ದು
ಬೂಷ್ಟನ್ನು ಕಂಡಲ್ಲಿ ಸುಡುತ್ತಿತ್ತು,
ದಾರಿಯಲ್ಲಿ ಮೂತ್ರಪಿಂಡವನ್ನೂ.
ರಾತ್ರಿಯೆಲ್ಲ ನಡುಕ.
ಮಂಚ ಕಡಕಡ ಅನ್ನುತ್ತಿತ್ತು,
ಎಣ್ಣೆ ಕಾಣದ ಮಷೀನಿನ ಹಾಗೆ.
ಕಿಸೆಯ ಔಷಧಿ ಬಂದದ್ದು ಐದು ಜನಕ್ಕೆ, ವಾರ್ಡಿನಲ್ಲಿ ಹತ್ತೊಂಬತ್ತು ಮಂಚ.
ಪಟ್ಟಿಯಲ್ಲಿ ನನ್ನ ಹೆಸರು ಐದನೆಯದು:
ದೊಡ್ಡಬಸಮ್ಮ, ವಯಸ್ಸು ನಲವತ್ತೊಂದು.

ಅದೇ ರಾತ್ರಿಯೋ, ಮರುದಿನವೋ, ಷೇಕ್ಷಾವಲಿ ಅಂದ,
ಮುಂದೆ ಇದರಲ್ಲಿ ಪ್ಯಾಟರ್ನನ್ನೇ ಕಳಿಸುತ್ತಾರೆ ಅಕ್ಕಾ,
ಹುಟ್ಟುವಾಗಲೇ ಕತ್ತರಿ ತಪ್ಪಿದವರಿಗೆ.
ಜೀವಕಣದ ಚರ್ಮವೂ ಇದೇ ಬಟ್ಟೆ,
ಸಾರಿನ ಮೇಲೆ ಎರಡು ಎಣ್ಣೆಹನಿ ಸೇರಿದ ಹಾಗೆ ಸೇರಿಬಿಡುತ್ತವೆ.
ಒಳಗಿರುವ ಮಾಸ್ತರು ಆ ಕಾಗದ ನೋಡಿ ಸರಿಯಾಗಿ ಕತ್ತರಿಸುತ್ತಾನೆ.
ಯಾರು ಕಳಿಸಿದ್ದು, ಯಾಕೆ, ಅಂತ ಕೇಳಲ್ಲವಾ?
ಇಲ್ಲ. ಪ್ಯಾಟರ್ನಿನಲ್ಲಿದ್ದರೆ ಮುಗೀತು.

ಹಾಗಾದರೆ ಅಲ್ಲಿಯೂ ಒಬ್ಬ ಜಿಲಾನಿ.

ಬೆಳಗಿನ ಜಾವ ಮಷೀನು ನಿಂತಿತು.
ಆರನೇ ಮಂಚ ತೊಳೆದು ಬಿಸಿಲಿಗೆ ಹಾಕಿದರು.

ಈಗ ಮತ್ತೆ ಕಿಸೆ ಹೊಲಿಯುತ್ತೇನೆ.
ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ,
ಸೂಜಿಯ ಕಣ್ಣು ಅಲ್ಲಿದ್ದರೆ ನನ್ನ ದಾರ ಇಲ್ಲಿ.
ಮೊನ್ನೆ ಒಂದು ಹುಡುಗಿ ಕೆಲಸ ಕಲಿಯಲು ಬಂದಳು.
ಊರು ಸಿರುಗುಪ್ಪ ಅಂದಳು.
ಅಪ್ಪನ ಹೆಸರು ಕೇಳಿದೆ. ಕೇಳಬಾರದಿತ್ತು.

ಐದನೆಯ ಕಿಸೆಯನ್ನು ಬೆರಳಿಂದ ಹೊರಗೆ ತಿರುವಿ
ನೂಲಿನ ಧೂಳು ಊದಿ ಅವಳು ಕೇಳಿದಳು:
ಅಕ್ಕಾ, ಇಷ್ಟು ಸಣ್ಣದು ಯಾಕೆ? ಇದರಲ್ಲಿ ಏನಿಡುತ್ತಾರೆ?
ಪ್ಯಾಟರ್ನಿನಲ್ಲಿದೆ ಅನ್ನಲು ಬಾಯಿ ಬರಲಿಲ್ಲ.

ದಾರ ಪೋಣಿಸಿ ಕೊಡು, ಅಂದೆ.